ಮಾರುತಿಯ ಸೊಂಟದವರೆಗೆ

ನಾಸಿಕ್‌ನಲ್ಲಿ ಎರಡು ದಿನ ಬಿಡದೆ ಮಳೆ ಹಿಡಿಯಿತೆಂದರೆ ಜನ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಒಂದೇ ಮಾತು: ನೀರು ಮಾರುತಿಗೆ ಎಲ್ಲಿಯವರೆಗೆ ಬಂತು? ಗೋದಾವರಿಯ ಘಾಟಿನಲ್ಲಿ, ರಾಮಕುಂಡಕ್ಕೆ ಹತ್ತಿರ, ಬಯಲಲ್ಲಿ ನಿಂತಿರುವ ಈ ಮಾರುತಿಗೆ ಎರಡು ಮುಖ. ದುತೋಂಡ್ಯಾ ಮಾರುತಿ ಎನ್ನುತ್ತಾರೆ. ಪಾದ ತೊಯ್ದರೆ ಯಾರೂ ಹೆದರುವುದಿಲ್ಲ. ಸೊಂಟಕ್ಕೆ ಬಂತೆಂದರೆ ಘಾಟಿನ ಅಂಗಡಿಯವರು ಸಾಮಾನು ಮೇಲಕ್ಕೆ ಸಾಗಿಸಲು ತೊಡಗುತ್ತಾರೆ. ಎದೆ, ಕುತ್ತಿಗೆ ಎಂದು ಸುದ್ದಿ ಏರುತ್ತ ಹೋಗುತ್ತದೆ. ತಲೆ ಮುಳುಗಿದರೆ ಅದು ಮಹಾಪೂರ.

ಈ ಲೆಕ್ಕವನ್ನು ನನಗೆ ಕಲಿಸಿದವರು ನಮ್ಮ ಸೋದರಮಾವ. ಬೆಂಗಳೂರಿನ ಎಚ್‌ಎಎಲ್‌ನಿಂದ ವರ್ಗವಾಗಿ ನಾಸಿಕ್ ಬಳಿಯ ಓಝರ್ ಕಾರ್ಖಾನೆಗೆ ಹೋದವರು, ಅಲ್ಲೇ ನಿವೃತ್ತರಾದರು. ಮಿಗ್ ವಿಮಾನಗಳಿಗಾಗಿ 1964ರಲ್ಲಿ ಶುರುವಾದ ಆ ಕಾರ್ಖಾನೆಯ ವಸತಿಗೃಹಗಳಲ್ಲಿ ಹೀಗೆ ಬಂದು ಬೇರುಬಿಟ್ಟ ಕನ್ನಡದ ಮನೆಗಳಿವೆ. ರಜೆಗೆ ಹೋದಾಗಲೆಲ್ಲ ಮಾವ ನನ್ನನ್ನು ಆಗ್ರಾ ಹೆದ್ದಾರಿಯಲ್ಲಿ ಇನ್ನಷ್ಟು ಮುಂದಿರುವ ಪಿಂಪಳಗಾಂವ್ ಬಸವಂತ್‌ಗೆ ಕರೆದೊಯ್ಯುತ್ತಿದ್ದರು. ಈರುಳ್ಳಿ, ಟೊಮೆಟೊ, ದ್ರಾಕ್ಷಿಯ ಊರು ಅದು. ಅಲ್ಲಿಯ ಮಾರುಕಟ್ಟೆಯಲ್ಲಿ ಈರುಳ್ಳಿಯ ದರ ಏರಿದರೆ ಯಶವಂತಪುರದಲ್ಲಿಯೂ ಏರುತ್ತದೆ ಎಂಬುದು ನಮ್ಮ ವ್ಯಾಪಾರಿಗಳಿಗೆ ಗೊತ್ತು. ಟ್ರ್ಯಾಕ್ಟರುಗಳು ಸಾಲುಗಟ್ಟಿದ ಆ ಅಂಗಳದಲ್ಲಿ ನಿಂತು ಮಾವ ಒಮ್ಮೆ ಹೇಳಿದ್ದರು: “ನಾಸಿಕ್‌ನಲ್ಲಿ ಮಾರುತಿಗೆ ಸೊಂಟ ಮುಳುಗಿತು ಅಂತ ಸುದ್ದಿ ಬಂದರೆ ಇಲ್ಲಿ ನದಿದಂಡೆಯ ಸಾಯಖೇಡೆ, ಚಾಂದೋರಿಯವರು ದನ ಬಿಚ್ಚಬೇಕು. ಆ ನೀರು ಇಲ್ಲಿಗೆ ಬರೋದು ಆಮೇಲೆ.”

ಆ ಮಾತು ನನ್ನೊಳಗೆ ಉಳಿಯಿತು. ಒಂದು ವಿಗ್ರಹದ ಸೊಂಟ, ಹತ್ತಾರು ಮೈಲಿ ಕೆಳಗಿನ ರೈತನಿಗೆ ದನ ಬಿಚ್ಚುವ ಹೊತ್ತನ್ನು ಹೇಳುತ್ತದೆ. ನಾಸಿಕ್‌ಗೆ ಇನ್ನೊಂದು ಗುರುತೂ ಇದೆ. ನಾರೋಶಂಕರರು 1747ರಲ್ಲಿ ಕಟ್ಟಿಸಿದ ದೇವಾಲಯದ ದೊಡ್ಡ ಗಂಟೆ. ಗಂಟೆಗೆ ನೀರು ತಾಗಿತು ಎಂದರೆ ಹಳೆಯ ಪೇಟೆಯವರು ಮುಂದಿನದನ್ನು ಕೇಳುವುದಿಲ್ಲ, ಮನೆ ಖಾಲಿ ಮಾಡುತ್ತಾರೆ. ಓದು ಬಾರದವರಿಗೂ ಮಕ್ಕಳಿಗೂ ನಿನ್ನೆ ಊರಿಗೆ ಬಂದವರಿಗೂ ಅರ್ಥವಾಗುವ ಅಳತೆ ಇದು.

1969, 2008, 2016, 2019. ನಾಸಿಕ್‌ನ ಹಿರಿಯರು ನೆನೆಯುವ ದೊಡ್ಡ ನೆರೆಗಳು ಇವು. 2008ರ ಸೆಪ್ಟೆಂಬರ್‌ನ ನೆರೆಯ ನಂತರ ನಗರಕ್ಕೆ ಪ್ರವಾಹ ರೇಖೆಗಳನ್ನು ಗುರುತಿಸಲಾಯಿತು. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆಯ ಲೆಕ್ಕದಲ್ಲಿ ರೇಖೆಗಳು ಎರಡು. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಅಂಚು ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದರ ಅಂಚು ಕೆಂಪು ರೇಖೆ. ನೀಲಿಯೊಳಗೆ ಕಟ್ಟಡ ಕೂಡದು, ನೀಲಿ–ಕೆಂಪುಗಳ ನಡುವೆ ನಿರ್ಬಂಧಗಳೊಡನೆ ಕಟ್ಟಬಹುದು. ಒಳ್ಳೆಯ ನಿಯಮ. ಆದರೆ ಈ ರೇಖೆ ಇರುವುದು ನಕ್ಷೆಯಲ್ಲಿ, ನಕ್ಷೆ ಇರುವುದು ಕಚೇರಿಯಲ್ಲಿ. ಮನೆ ಕೊಳ್ಳಲು ಬಂದ ದಂಪತಿಗೆ ಕಾಣುವುದು ನದಿಯ ಕಡೆಗೆ ತೆರೆದ ಬಾಲ್ಕನಿ. ಮಾರುತಿ ಮಾಡುವ ಕೆಲಸವನ್ನು ನಕ್ಷೆ ಮಾಡಲಾರದೆ ಹೋಗುವುದು ಇಲ್ಲೇ.

ಮಾರುತಿಗೂ ಕಾಣದ ನೆರೆ ಒಂದಿದೆ. ನಾಸಿಕ್‌ನ ಸರಾಫ ಬಜಾರು, ಪಾತ್ರೆ ಅಂಗಡಿಗಳ ಭಾಂಡಿ ಬಜಾರು, ದಹೀಪುಲ್, ಈ ಇಕ್ಕಟ್ಟಿನ ಹಳೆಯ ಪೇಟೆಯಲ್ಲಿ ಒಂದು ತಾಸು ಮಳೆ ಬಿರುಸಾಗಿ ಸುರಿದರೂ ಸಾಕು, ಅಂಗಡಿಯೊಳಗೆ ನೀರು. ಆ ಹೊತ್ತಿಗೆ ನದಿ ಇನ್ನೂ ತನ್ನ ಪಾತ್ರದಲ್ಲೇ ಇರುತ್ತದೆ, ಮಾರುತಿಯ ಪಾದವೂ ತೊಯ್ದಿರುವುದಿಲ್ಲ. ಕಾರಣ, ಪೇಟೆಯ ಅಡಿಯಲ್ಲಿ ಸರಸ್ವತಿ ನಾಲಾ ಹರಿಯುತ್ತದೆ. ಒಂದು ಕಾಲಕ್ಕೆ ತೆರೆದು ಹರಿಯುತ್ತಿದ್ದ ಹಳ್ಳ ಅದು, ಈಗ ಅದರ ಮೇಲೆ ರಸ್ತೆ, ಅಂಗಡಿ. ದಹೀಪುಲ್ ಎಂಬ ಹೆಸರಿನಲ್ಲಿ ಸೇತುವೆ ಉಳಿದಿದೆ. ಅಡಿಯಲ್ಲಿ ಹಳ್ಳ ಇತ್ತು ಎಂದು ಆ ಹೆಸರು ದಿನವೂ ಸಾರಿ ಹೇಳುತ್ತಿದ್ದರೂ ಕೇಳಿಸಿಕೊಳ್ಳುವವರು ಕಡಿಮೆ.

ಈ ಎರಡು ನೆರೆಗಳ ವ್ಯತ್ಯಾಸ ತಿಳಿಯದೆ ನಗರಗಳ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ನಾಸಿಕ್‌ಗಿಂತ ಮೇಲಿರುವ ಗಂಗಾಪುರ ಅಣೆಕಟ್ಟಿನಿಂದ ನದಿಗೆ ಬಿಡುವ ನೀರಿಗೆ ಮುನ್ಸೂಚನೆ ಇರುತ್ತದೆ. ಎಷ್ಟು ಕ್ಯೂಸೆಕ್ ಬಿಟ್ಟರು, ಹೋಳ್ಕರ್ ಸೇತುವೆಯ ಬಳಿ ಎಷ್ಟಾಯಿತು ಎಂದು ಗಂಟೆ ಗಂಟೆಗೂ ಪ್ರಕಟಣೆ ಬರುತ್ತದೆ. ಹಳ್ಳದ ನೀರು ಹಾಗಲ್ಲ. ಡಾಂಬರು, ಕಾಂಕ್ರೀಟು, ಟೈಲ್ಸು ಹಾಸಿದ ನೆಲ ಒಂದು ಹನಿಯನ್ನೂ ಕುಡಿಯದು. ಬಿದ್ದ ಮಳೆಯೆಲ್ಲ ಒಟ್ಟಿಗೆ ಓಡಿ ಬಂದು ಮುಚ್ಚಿದ ಕಾಲುವೆಯ ಬಾಯಿಗೆ ಅಪ್ಪಳಿಸುತ್ತದೆ. ಅಲ್ಲಿ ಪ್ಲಾಸ್ಟಿಕ್ಕೂ ಹೂಳೂ ಸೇರಿ ದಾರಿ ಕಟ್ಟಿದ್ದರೆ ನೀರು ಹಿಂದಕ್ಕೆ ತಿರುಗಿ ಬೀದಿಗೆ ನುಗ್ಗುತ್ತದೆ. ಇಷ್ಟಕ್ಕೆಲ್ಲ ಅರ್ಧ ತಾಸು ಸಾಕು. ಸೈರನ್ ಊದುವ ಹೊತ್ತಿಗೆ ನೀರು ಗಲ್ಲಾಪೆಟ್ಟಿಗೆಯ ಎತ್ತರಕ್ಕೆ ಬಂದಿರುತ್ತದೆ. ನದಿಯೂ ಏರಿದ್ದರಂತೂ ಹಳ್ಳಕ್ಕೆ ಹೊರಹೋಗಲು ಬಾಗಿಲೇ ಇಲ್ಲ.

ನಗರ ಹೀಗೆ ಅವಸರದಲ್ಲಿ ಹೊರಹಾಕಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಗರದವರು ಕೇಳುವುದಿಲ್ಲ. ಅದು ಹೋಗುವುದು ನಿಫಾಡ್ ತಾಲ್ಲೂಕಿಗೆ, ಪಿಂಪಳಗಾಂವ್ ಇರುವ ತಾಲ್ಲೂಕಿಗೆ. ಅಲ್ಲಿ ಗೋದಾವರಿಗೆ ಕಾದವಾ ನದಿ ಸೇರುವಲ್ಲಿ ನಾಂದೂರ್ ಮಧಮೇಶ್ವರ ಬ್ಯಾರೇಜು. ನೂರು ವರ್ಷ ದಾಟಿದ ಕಟ್ಟೆ ಅದು. ಹೂಳು ತುಂಬಿ ತುಂಬಿ ಕೆರೆಗಳಂತಾದ ಹಿನ್ನೀರಿನಲ್ಲಿ ಇಂದು ಹಕ್ಕಿಗಳು ನೆರೆಯುತ್ತವೆ, ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ ಎಂಬ ಮನ್ನಣೆಯೂ ಬಂದಿದೆ. ಹಕ್ಕಿಗಳಿಗೆ ಒದಗಿದ ಅದೇ ಹೂಳು ನೆರೆಯ ದಿನ ನೀರನ್ನು ಹಿಂದಕ್ಕೆ ಒತ್ತುತ್ತದೆ. ಸಾಯಖೇಡೆ, ಚಾಂದೋರಿಯ ಪೇಟೆಗಳು ಮುಳುಗುತ್ತವೆ. 2016ರಲ್ಲಿಯೂ 2019ರಲ್ಲಿಯೂ ಹೀಗೇ ಆಯಿತು. ನಾಸಿಕ್‌ನ ನೆರೆಯ ಚಿತ್ರಗಳು ದೇಶವೆಲ್ಲ ಹರಿದಾಡಿದವು, ಈ ಹಳ್ಳಿಗಳ ಕೊಳೆತ ಬೆಳೆಯ ಚಿತ್ರಗಳು ಅಷ್ಟು ದೂರ ಹೋಗಲಿಲ್ಲ.

ಇನ್ನೂ ಕೆಳಗೆ ಪೈಠಣದ ಜಾಯಕವಾಡಿ. ಬರಗಾಲ ಬಂದ ವರ್ಷ ಆ ಜಲಾಶಯಕ್ಕೆ ನೀರು ಬಿಡುವುದಿಲ್ಲ ಎಂದು ನಾಸಿಕ್‌ನವರು ಬೀದಿಗಿಳಿಯುತ್ತಾರೆ, ಬಿಡಲೇಬೇಕು ಎಂದು ಮರಾಠವಾಡದವರು ನ್ಯಾಯಾಲಯಕ್ಕೆ ಹೋಗುತ್ತಾರೆ. ಮಳೆ ಹೆಚ್ಚಾದ ವರ್ಷ ಅದೇ ನೀರು ಯಾರಿಗೂ ಬೇಡ. ಕೃಷ್ಣೆಯ ದಂಡೆಯ ನಮಗೆ ಇದು ಹೊಸದಲ್ಲ, ಆಲಮಟ್ಟಿಯ ಹೆಸರಿನಲ್ಲಿ ಸಾಂಗಲಿ, ಕೊಲ್ಹಾಪುರದವರೊಡನೆ ಇದೇ ವಾದ ನಡೆಸುತ್ತಿದ್ದೇವೆ. ಬೀದರ್ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ಕೂಡ ಗೋದಾವರಿಯ ಉಪನದಿಯೇ. ಆದ್ದರಿಂದ ಗೋದಾವರಿಯ ಮಾತು ಕನ್ನಡಿಗರಿಗೆ ಹೊರಗಿನ ಮಾತಲ್ಲ.

ಈಗ ನನ್ನ ಮನೆಯ ಕಥೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೂರ್ವ ಭಾಗದಲ್ಲಿ ನೆಲಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಹೊಸದಾಗಿ ಬಣ್ಣ ಬಳಿದಿದ್ದರು, ಗೋಡೆ ಫಳಫಳ ಎನ್ನುತ್ತಿತ್ತು. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಮಳೆ ಬಂತು. ಎರಡು ಗಂಟೆಗೆ ಎಚ್ಚರವಾಗಿ ಕಾಲು ಕೆಳಗಿಟ್ಟರೆ ಮೀನಖಂಡದವರೆಗೆ ನೀರು. ಚರಂಡಿಯ ನೀರೇ ಬಚ್ಚಲಿನ ತೂತಿನಿಂದ ಮೇಲೆದ್ದು ಬಂದಿತ್ತು. ಅಕ್ಕಿ, ಬೇಳೆ, ಮಗಳ ಪುಸ್ತಕಗಳು, ಅಮ್ಮ ಕೊಟ್ಟ ಹಾರ್ಮೋನಿಯಂ ಎಲ್ಲ ಹೋಯಿತು. ಮರುದಿನ ಕೆಸರು ಬಾಚುವಾಗ ಪಕ್ಕದ ಮನೆಯ ಅಜ್ಜಿ ಬಂದು ನಿಂತರು. “ಹೋದ್ಸಲ ಇದ್ದೋರ್ಗೂ ಹಿಂಗೇ ಆಯ್ತಮ್ಮ. ನಿಮ್ಗೆ ಹೇಳ್ಲಿಲ್ವಾ?” ಎಂದರು. ವಾರದ ಮೇಲೆ ಒದ್ದೆ ಗೋಡೆಯ ಬಣ್ಣ ಹೊಪ್ಪಳಿಕೆ ಎದ್ದು ಉದುರಿತು. ಅದರ ಅಡಿಯಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಗೋಡೆಯುದ್ದಕ್ಕೂ ಹಳೆಯ ಕಂದು ಗೆರೆ ಇತ್ತು.

ಆ ಗೆರೆಯನ್ನು ನಾನು ಇಂದಿಗೂ ಮರೆತಿಲ್ಲ. ಮನೆಯ ಮಾಲೀಕರ ಮೇಲಿನ ಸಿಟ್ಟು ಎಂದೋ ಇಳಿದಿದೆ. ಅವರು ಮಾಡಿದ್ದನ್ನೇ ನಾವೆಲ್ಲ ಇಡೀ ನಗರಕ್ಕೆ ಮಾಡುತ್ತಿದ್ದೇವೆ. ನೆರೆ ಇಳಿದ ಮೇಲೆ ನಾವು ಮೊದಲು ಅಳಿಸುವುದು ಅದು ಬಂದಿತ್ತು ಎಂಬ ಗುರುತನ್ನು.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ, ನಿಜ. ಆದರೆ ಗುರುತುಗಳಿದ್ದವು. ಕೆರೆಗೆ ಕೋಡಿ ಇತ್ತು. ಕೋಡಿಯ ಕಲ್ಲು ದಾಟಿದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ನೀರುಗಂಟಿಗೆ ಯಾವ ತೂಬು ಯಾವಾಗ ಎತ್ತಬೇಕು ಎಂಬುದು ಗೊತ್ತಿತ್ತು. ಕೋಡಿ ಬಿದ್ದ ದಿನ ಊರವರು ಬಾಗಿನ ಅರ್ಪಿಸಿ ಹಬ್ಬ ಮಾಡುತ್ತಿದ್ದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ನೀರು ಮಾತ್ರ ಹಳೆಯ ವಿಳಾಸವನ್ನೇ ಹುಡುಕಿಕೊಂಡು ಬರುತ್ತಿದೆ. 2022ರ ಸೆಪ್ಟೆಂಬರ್ 4ರ ರಾತ್ರಿ 131.6 ಮಿಲಿಮೀಟರ್ ಮಳೆ ಬಿದ್ದಾಗ ಬೆಳ್ಳಂದೂರು, ಯಮಲೂರುಗಳಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಇಪ್ಪತ್ತೆರಡರ ಯುವತಿ ಸತ್ತಳು. ವಿಧಾನಸೌಧದಿಂದ ಕೂಗಳತೆಯ ದೂರ ಅದು. 2025ರ ಮೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರು ಹೊರಹಾಕಲು ಹೋಗಿ ವಿದ್ಯುತ್ ತಗುಲಿ ಒಬ್ಬ ಹಿರಿಯರೂ ಹನ್ನೆರಡು ವರ್ಷದ ಬಾಲಕನೂ ತೀರಿಕೊಂಡರು. ಬೆಳಗಾವಿಯಲ್ಲಿ ಬಳ್ಳಾರಿ ನಾಲೆ ಉಕ್ಕಿ ಹೊಲಗಳು ಮುಳುಗುವುದಂತೂ ಅಲ್ಲಿಯ ರೈತರಿಗೆ ಪ್ರತಿ ಮಳೆಗಾಲದ ಪಾಡು.

ಪ್ರತಿ ಸಲವೂ ನಡೆಯುವುದು ಒಂದೇ ಕ್ರಮ. ಮಂತ್ರಿಗಳು ದೋಣಿಯಲ್ಲಿ ಬರುತ್ತಾರೆ, ಪಂಚನಾಮೆ ನಡೆಯುತ್ತದೆ, ಜೆಸಿಬಿಗಳು ನಾಲ್ಕು ಕಾಂಪೌಂಡು ಕೆಡವುತ್ತವೆ, ತಡೆಯಾಜ್ಞೆ ಬರುತ್ತದೆ, ಜೆಸಿಬಿಗಳು ವಾಪಸು ಹೋಗುತ್ತವೆ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಒತ್ತುವರಿ ತೆರವಾಗಲೇಬೇಕು, ರಾಜಕಾಲುವೆಗಳ ಹೂಳು ಏಪ್ರಿಲ್ ಮುಗಿಯುವುದರೊಳಗೆ ಎತ್ತಲೇಬೇಕು. ಇದನ್ನು ಎಲ್ಲರೂ ಹೇಳಿದ್ದಾರೆ, ನಾನೂ ಹೇಳುತ್ತೇನೆ. ಆದರೆ ದೊಡ್ಡ ಯೋಜನೆ, ದೊಡ್ಡ ಟೆಂಡರು ಯಾವುದೂ ಇಲ್ಲದೆ ಈ ವರ್ಷವೇ ಮಾಡಬಹುದಾದ ಕೆಲಸವೊಂದಿದೆ. ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೆರೆ ಎಳೆದು ಇಸವಿ ಬರೆಯುವುದು. ವಿದ್ಯುತ್ ಕಂಬದ ಮೇಲೆ, ಬಸ್ ನಿಲ್ದಾಣದ ಗೋಡೆಯ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ಅಂಡರ್‌ಪಾಸಿನ ಎರಡೂ ಬದಿಗೆ. ಗೆರೆಯ ಕೆಳಗೆ ವಿದ್ಯುತ್ ಮೀಟರು, ಸ್ವಿಚ್ ಬೋರ್ಡು ಕೂರಿಸಬಾರದೆಂದು ನಿಯಮ ಮಾಡುವುದು. ಮನೆಯ ಕ್ರಯಪತ್ರದಲ್ಲಿಯೂ ಬಾಡಿಗೆ ಕರಾರಿನಲ್ಲಿಯೂ ಆ ಗೆರೆಯ ಎತ್ತರವನ್ನು ಕಡ್ಡಾಯವಾಗಿ ಬರೆಯಿಸುವುದು. ಸೈಟಿನ ಬೆಲೆ ಇಳಿಯುತ್ತದೆ ಎಂದು ವಿರೋಧ ಬರುತ್ತದೆ, ಬರಲಿ. ಮುಳುಗುವ ಜಾಗಕ್ಕೆ ಮುಳುಗದ ಜಾಗದ ಬೆಲೆ ಕೇಳುವುದು ನ್ಯಾಯವಲ್ಲ.

ನಾಸಿಕ್‌ಗೆ ಇದು ಇನ್ನೂ ತುರ್ತು. ಅಲ್ಲಿಯ ಸಿಂಹಸ್ಥ ಕುಂಭಮೇಳ ಬರುವುದು ಮಳೆಗಾಲದಲ್ಲಿ. ಮುಂದಿನ ಸಿಂಹಸ್ಥದ ಮೊದಲ ಅಮೃತ ಸ್ನಾನ ನಿಗದಿಯಾಗಿರುವುದು 2027ರ ಆಗಸ್ಟ್ 2ರಂದು. 2016ರ ಪ್ರವಾಹ ಬಂದದ್ದೂ ಆಗಸ್ಟ್ 2ರಂದೇ. ತ್ರ್ಯಂಬಕೇಶ್ವರ, ಶಿರಡಿ, ಪಂಚವಟಿ ಎಂದು ಬಸ್ಸು ಮಾಡಿಕೊಂಡು ಹೋಗುವ ನಮ್ಮ ಊರುಗಳವರು ಆ ದಿನ ಘಾಟಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ಮರಾಠಿ ಬಾರದು, ಧ್ವನಿವರ್ಧಕದ ಪ್ರಕಟಣೆ ತಿಳಿಯದು. ಹೋಗುವವರು ಮೆಟ್ಟಿಲಿಳಿಯುವ ಮೊದಲು ಆ ಎರಡು ಮುಖದ ಮಾರುತಿಯನ್ನು ಒಮ್ಮೆ ನೋಡಿಕೊಳ್ಳಿ. ಪಾದಕ್ಕೆ ನೀರು ಬಂದಿದ್ದರೆ ಮಕ್ಕಳನ್ನೂ ವಯಸ್ಸಾದವರನ್ನೂ ಮೇಲೆಯೇ ನಿಲ್ಲಿಸಿ. ಸೊಂಟಕ್ಕೆ ಬಂದಿದ್ದರೆ ಸ್ನಾನ ಬಿಟ್ಟು ಹಿಂದಿರುಗಿ.

ಮಾವ ಈಗ ಇಲ್ಲ, ಅವರು ಕಲಿಸಿದ ಲೆಕ್ಕ ನನ್ನಲ್ಲಿ ಉಳಿದಿದೆ. ಆ ಬಾಡಿಗೆ ಮನೆಯನ್ನು ಬಿಟ್ಟು ಬರುವ ದಿನ ನಾನು ಒಂದು ಕೆಲಸ ಮಾಡಿದೆ. ಬಾಗಿಲಿನ ಚೌಕಟ್ಟಿನ ಒಳಮಗ್ಗುಲಿಗೆ, ನೀರು ನಿಂತಿದ್ದ ಎತ್ತರಕ್ಕೆ ಸರಿಯಾಗಿ, ಉಳಿಯಿಂದ ಗೆರೆ ಕೊರೆದು ತಿಂಗಳು, ಇಸವಿ ಬರೆದೆ. ಬಣ್ಣ ಬಳಿದರೂ ಕೈಗೆ ಸಿಗುವಷ್ಟು ಆಳಕ್ಕೆ. ನಿಮ್ಮ ಮನೆಗೂ ನೀರು ಬಂದಿದ್ದರೆ, ಕೆಸರು ತೊಳೆಯುವ ಮೊದಲು ಹೀಗೊಂದು ಗೆರೆ ಕೊರೆಯಿರಿ. ನಿಮ್ಮ ನಂತರ ಆ ಮನೆಗೆ ಬರುವವರಿಗೆ ಅದನ್ನು ತೋರಿಸಿ.