ಅವಧಿ ಮುಗಿದ ಟೆಂಡರ್, ಏರಿದ ದರ: ಸಣ್ಣ ಗುತ್ತಿಗೆದಾರರಿಗೆ ದಾರಿ ಏನು?

ಟೆಂಡರ್ ಹಾಕಿದ್ದು ಬೇಸಿಗೆಯಲ್ಲಿ, ಇಲಾಖೆಯಿಂದ ಕರೆ ಬಂದಿದ್ದು ಮಳೆಗಾಲ ಮುಗಿದ ಮೇಲೆ. ಅಷ್ಟರಲ್ಲಿ ಜಲ್ಲಿ, ಎಂ-ಸ್ಯಾಂಡ್, ಕಂಬಿ ಎಲ್ಲದರ ರೇಟು ಏರಿದ್ದರೆ? ‘ಹಳೇ ದರಕ್ಕೇ ಮಾಡಿಕೊಡಿ’ ಅನ್ನೋ ಮಾತಿಗೆ ಮುಂದಿನ ಕೆಲಸ ಕೈತಪ್ಪೀತು ಎಂಬ ಭಯದಿಂದ ಹೂಂ ಅನ್ನುವ ಸಣ್ಣ ಗುತ್ತಿಗೆದಾರರೇ ಹೆಚ್ಚು.

ನಿಯಮ ಬೇರೆಯೇ ಹೇಳುತ್ತೆ. ಕೆಟಿಪಿಪಿ ನಿಯಮಗಳು, 2000ರ ಪ್ರಕಾರ ಸಿಂಧುತ್ವದ ಅವಧಿಯೊಳಗೆ ಟೆಂಡರ್ ಇತ್ಯರ್ಥವಾಗದಿದ್ದರೆ ಪ್ರಾಧಿಕಾರ ವಿಸ್ತರಣೆ ಕೇಳಬೇಕು. ವಿಸ್ತರಿಸಿದ ಅವಧಿಯೂ ಮುಗಿದರೆ ಟೆಂಡರ್‌ಗಳು ಅಸಿಂಧು. ವಿಸ್ತರಣೆ ಒಲ್ಲೆ ಎಂದವರ ಇಎಂಡಿ ಮುಟ್ಟುಗೋಲು ಹಾಕುವಂತಿಲ್ಲ ಎಂದು ರಾಜ್ಯದ ಮಾದರಿ ಟೆಂಡರ್ ದಾಖಲೆಗಳೇ ಹೇಳುತ್ತವೆ. ಆದರೆ ಒಪ್ಪಿದರೆ ದರ ಬದಲಿಸೋಕೆ ಆಗಲ್ಲ.

ಪೆಟ್ಟು ಬೀಳೋದು ಇಲ್ಲೇ. ಅಲ್ಪಾವಧಿಯ ಸಣ್ಣ ಕಾಮಗಾರಿಗಳಲ್ಲಿ ದರ ಹೊಂದಾಣಿಕೆ ಷರತ್ತು ಸಾಮಾನ್ಯವಾಗಿ ಇರೋದಿಲ್ಲ. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದಾಗಲೂ ತೆರಿಗೆ ಸೇರಿಸಿಯೇ ದರ ಬರೆದಿದ್ದವರು ಇಕ್ಕಟ್ಟಿಗೆ ಸಿಲುಕಿದರು.

ಹಾಗಾಗಿ ವಿಸ್ತರಣೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅಂದಿನ ಮಾರುಕಟ್ಟೆ ದರ ಲೆಕ್ಕ ಹಾಕಲೇಬೇಕು; ಬೇಡವಾದರೆ ಲಿಖಿತವಾಗಿಯೇ ತಿಳಿಸಬೇಕು. ನಷ್ಟದ ದರಕ್ಕೆ ಒಪ್ಪಿದ ಕೆಲಸ ಅರ್ಧಕ್ಕೆ ನಿಂತರೆ ಗುತ್ತಿಗೆದಾರನಿಗೆ ದಂಡ, ಊರಿಗೆ ಗುಂಡಿ ರಸ್ತೆ. ತಡ ಮಾಡಿದ ಕಚೇರಿಗೆ ಮಾತ್ರ ಏನೂ ಆಗಲ್ಲ.