ಹಾರ್ವೆಗೂ ಮೊದಲು ಇಬ್ನ್ ಅಲ್-ನಫೀಸ್



ಅರಬ್ ವೈದ್ಯರು ಗ್ರೀಕರ ಗ್ರಂಥಗಳನ್ನು ಕಾಯ್ದಿಟ್ಟವರಷ್ಟೇ, ರಕ್ತಪರಿಚಲನೆಯ ಶ್ರೇಯವೆಲ್ಲ ವಿಲಿಯಂ ಹಾರ್ವೆಯದು ಎಂಬ ಕಳೆದ ವಾರದ ಲೇಖನ ಅರ್ಧಸತ್ಯ.

ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅಲ್ಲಿಂದಲೇ ದಾಟುತ್ತದೆ ಎಂದಿದ್ದ ಗ್ರೀಕ್ ವೈದ್ಯ ಗ್ಯಾಲೆನ್. ಸಾವಿರ ವರ್ಷ ಅದೇ ವೇದವಾಕ್ಯ. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ಹೆಸರಾದ ಇಬ್ನ್ ಅಲ್-ನಫೀಸ್, 1242ರ ಸುಮಾರಿಗೆ, ಇಬ್ನ್ ಸೀನಾನ ವೈದ್ಯಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲೇ ಅದನ್ನು ತಳ್ಳಿಹಾಕಿದ: ಗೋಡೆ ದಪ್ಪ, ಅದರಲ್ಲಿ ದಾರಿಯಿಲ್ಲ; ರಕ್ತ ಬಲಗೋಣೆಯಿಂದ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಡನೆ ಬೆರೆತು, ಎಡಗೋಣೆ ಸೇರುತ್ತದೆ. ಇದನ್ನು ನಕಲು ಎನ್ನಲಾದೀತೇ?

ಇಡೀ ದೇಹದ ಪರಿಚಲನೆಯನ್ನು 1628ರಲ್ಲಿ ಸಾಧಿಸಿ ತೋರಿಸಿದ್ದು ಹಾರ್ವೆಯೇ, ಅದರಲ್ಲಿ ತಕರಾರಿಲ್ಲ. ಆದರೆ 1924ರಲ್ಲಿ ಈಜಿಪ್ಟಿನ ವೈದ್ಯ ಅಲ್-ತತಾವಿ ಬರ್ಲಿನ್‌ನಲ್ಲಿದ್ದ ಆ ವ್ಯಾಖ್ಯಾನದ ಹಸ್ತಪ್ರತಿಯತ್ತ ಗಮನ ಸೆಳೆದ ಮೇಲೂ ನಫೀಸನ ಹೆಸರು ಬಿಡುವುದು ಅನ್ಯಾಯ.

ಹೀಗೆ ಪ್ರಶ್ನಿಸುವ ಪರಂಪರೆ ನಮ್ಮಲ್ಲೂ ಇತ್ತು. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟ ದೊರೆ ನೃಪತುಂಗನ ರಾಜಧಾನಿಯಾಗಿತ್ತು. ಆತನ ಸಭೆಯಲ್ಲಿ ವೈದ್ಯರೆದುರು ಮಾಂಸಾಹಾರದ ವಿರುದ್ಧ ತಾನು ವಾದಿಸಿದ್ದನ್ನು ಉಗ್ರಾದಿತ್ಯ ತನ್ನ ವೈದ್ಯಗ್ರಂಥ ‘ಕಲ್ಯಾಣಕಾರಕ’ದಲ್ಲಿ ದಾಖಲಿಸಿದ್ದಾನೆ. ಹಿರಿಯರ ಮಾತನ್ನೂ ಪ್ರಶ್ನಿಸಿಯೇ ವೈದ್ಯಶಾಸ್ತ್ರ ಬೆಳೆದದ್ದು, ಇಲ್ಲೂ, ಕೈರೋದಲ್ಲೂ. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಕ್ಕಳು ಹಾರ್ವೆಯ ಪಾಠದ ಜೊತೆಗೇ ನಫೀಸನನ್ನೂ ಓದಬೇಕು.

— ಚಿತ್ತಾಪುರದ ಓದುಗ