ಜಿಗಿಯಲಾರದ ಕಾಡುಪಾಪ

ಬೆಂಗಳೂರಿನಲ್ಲಿ ಕಾಡುಪಾಪವಿದೆ ಎಂದರೆ ನಮ್ಮೂರ ಹಿರಿಯರು ನಗುತ್ತಾರೆ. ಆದರೆ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ವಾಹನಗಳ ಗದ್ದಲದಿಂದ ಕೂಗಳತೆಯಲ್ಲೇ, ಈ ಪುಟ್ಟ ನಿಶಾಚರ ಪ್ರಾಣಿ ಇಂದಿಗೂ ಬದುಕಿದೆ. ನಗರ ಅದನ್ನು ಕರೆದು ತಂದದ್ದಲ್ಲ. ಸುತ್ತಲಿನ ತೋಪುಗಳನ್ನು ನಗರ ನುಂಗಿದಾಗ ಮರಗಳು ಉಳಿದ ಕಡೆ ಅದೂ ಉಳಿದುಕೊಂಡಿತು.

ಕಾಡುಪಾಪವು ಕೋತಿಯಂತೆ ಜಿಗಿಯಲಾರದು. ಮುಂದಿನ ಕೊಂಬೆಯ ಹಿಡಿತ ಸಿಕ್ಕಿದ ಮೇಲೆಯೇ ಹಿಂದಿನದನ್ನು ಬಿಡುವ ಜೀವ ಅದು. ಮರಗಳ ನೆತ್ತಿ ಒಂದಕ್ಕೊಂದು ತಾಗಿರುವಷ್ಟು ದೂರ ಮಾತ್ರ ಅದರ ಲೋಕ. ನಡುವಿನ ಒಂದು ಮರ ಉರುಳಿದರೆ ಸಾಕು, ನೆಲಕ್ಕಿಳಿದರೆ ಬೀದಿನಾಯಿ, ತಂತಿ ಹಿಡಿದರೆ ವಿದ್ಯುತ್ತು. ನೂರು ಮರ ಕಡಿದು ಸಾವಿರ ಸಸಿ ನೆಡುವೆವೆಂಬ ಸರ್ಕಾರಿ ಲೆಕ್ಕದಲ್ಲಿ ಈ ಸಂಗತಿಗೆ ಜಾಗವೇ ಇಲ್ಲ. ಸಸಿಗಳ ನೆತ್ತಿ ಕೂಡುವ ಹೊತ್ತಿಗೆ ಕಾಡುಪಾಪದ ಎಷ್ಟೋ ತಲೆಮಾರುಗಳು ಕಳೆದಿರುತ್ತವೆ.

ಅದರ ಮುಖ್ಯ ಆಹಾರ ಹುಳುಹುಪ್ಪಟೆ. ಹುಳುಗಳಿಗೆ ಪೊದೆ ಬೇಕು, ಕೊಳೆಯುವ ತರಗೆಲೆ ಬೇಕು. ನಾವು ದರಕನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಕೊಡುತ್ತೇವೆ. ನಗರದವರು ಅದನ್ನು ಗುಡಿಸಿ ಸುಡುತ್ತಾರೆ. ಬಳಿಕ ನುಣ್ಣನೆಯ ಹುಲ್ಲುಹಾಸಿಗೆ ಚೀಲದ ಗೊಬ್ಬರ ಸುರಿಯುತ್ತಾರೆ! ಅಂಥ ಉದ್ಯಾನ ಕಣ್ಣಿಗೆ ಹಸಿರು, ಹಕ್ಕಿಗೆ ಬರಡು.

ಆಲ, ಅತ್ತಿ, ಗೋಣಿಮರಗಳ ಮಾತೇ ಬೇರೆ. ಇವು ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದರ ಹಣ್ಣು ಮುಗಿಯುವಾಗ ಇನ್ನೊಂದು ಹಣ್ಣು ಬಿಟ್ಟಿರುತ್ತದೆ. ಆದ್ದರಿಂದ ಬೇರೆ ಹಣ್ಣುಗಳಿಲ್ಲದ ದಿನಗಳಲ್ಲಿಯೂ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳಿಗೆ ಊಟ ಸಿಗುತ್ತದೆ. ಹಳೆಯ ಗುಂಡುತೋಪುಗಳಲ್ಲಿ ನಮ್ಮ ಹಿರಿಯರು ಇಂಥ ಮರಗಳನ್ನು ಬೆಳೆಸಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಪ್ರಯೋಗದ ಗದ್ದೆಯಂಚಿನ ಪೊದೆ, ಬೇಲಿಗಳಿಗೂ ಬೆಲೆಯುಂಟೆಂದು ಒಪ್ಪಿದ ಆ ಕ್ರಮ ನನ್ನಂಥ ಕೃಷಿ ವಿಜ್ಞಾನಿಗೆ ಸಮಾಧಾನ ತಂದಿತ್ತು.

ರಾಜಧಾನಿಯ ಸುದ್ದಿ ಗುಡ್ಡದ ಮೇಲಿನವರಿಗೇಕೆ ಎನ್ನುವವರು ನಮ್ಮ ಪೇಟೆಗಳನ್ನೊಮ್ಮೆ ನೋಡಲಿ. ರಸ್ತೆ ಅಗಲವಾಗುತ್ತಿದೆ, ಸಾಲುಮರಗಳು ತೆಳುವಾಗುತ್ತಿವೆ. ಮಲೆನಾಡಿನಲ್ಲಿ ಕಾಡಿಗೇನು ಬರ ಎಂಬ ಉದಾಸೀನ ನಮ್ಮಲ್ಲೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ರಸ್ತೆಯಂಥ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ವೃಕ್ಷಾಧಿಕಾರಿಯು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಅದಕ್ಕೆ ಕೊಡುವ ಗಡುವು ಚಿಕ್ಕದು. ಆಗ ಮರ ಎಣಿಸಲು ಹೊರಟರೆ ತಡವಾದೀತು. ಕಾಲೇಜಿನ ಮಿತ್ರರು ಈ ರಜೆಯಲ್ಲೇ ತಮ್ಮ ಪೇಟೆಯ ಮರಗಳ ನಕ್ಷೆ ಬರೆದಿಡಲಿ: ಯಾವ ಜಾತಿ, ಯಾವ ತಿಂಗಳು ಹಣ್ಣು, ಯಾವುದರ ನೆತ್ತಿ ಯಾವುದಕ್ಕೆ ತಾಗಿದೆ. ಆಕ್ಷೇಪಣೆಯ ಅರ್ಜಿಯ ಜೊತೆಗೆ ಆ ಹಾಳೆ ಬೇಕಾಗುತ್ತದೆ.